ಕಾಲಿಗೆ ತಾಕದ ವೂಫರ್

ಗ್ಯುಹೋ ಅಣ್ಣಾ,

ನೀನು ಕೊಡಿಸಿದ ಹೊಸ ವೂಫರ್ ವಾಪಸ್ ಕೊಡೋಕೆ ಯೋಂಗ್ಸಾನ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗ್ತಿದ್ದೀನಿ.

ನಿನ್ನೆ ಅಂಗಡಿಯವನಿಗೆ ನೀನು ಹೇಳಿದ್ದು ನಿನ್ನ ತುಟಿ ನೋಡೇ ನಂಗೆ ಗೊತ್ತಾಯ್ತು: "ನನ್ನ ತಂಗಿಗೆ ಕಿವಿ ಕೇಳಲ್ಲ, ಯಾವುದಾದ್ರೂ ನಡೆಯುತ್ತೆ." ನಡೆಯಲ್ಲ! ನಂಗೆ ಹಾಡು ಕೇಳೋದೇ ಅಂಗಾಲಿನಿಂದ. ಸುಟ್ಟುಹೋದ ಹಳೇದು ಕೋಣೆಯ ನೆಲವನ್ನೇ ನಡುಗಿಸ್ತಿತ್ತು. ಈ ಪುಟ್ಟ ಡಬ್ಬಿ ಮೇಲೆ ಕಾಲಿಟ್ಟರೂ ಇರುವೆ ಹರಿದಷ್ಟೂ ಗೊತ್ತಾಗಲ್ಲ. ಅದೇ ದುಡ್ಡಿಗೆ ಅಲ್ಲೇ ದೊಡ್ಡ ಮರದ ಪೆಟ್ಟಿಗೆಯ ಸೆಕೆಂಡ್‌ಹ್ಯಾಂಡ್ ವೂಫರ್ ಇತ್ತು. ನೀನು 'ನೋಡೋಕೆ ಚೆನ್ನಾಗಿಲ್ಲ' ಅಂದೆ. ಕಂಪ್ಯೂಟರ್ ಮೇಜಿನ ಕೆಳಗೆ ಕೂರೋದಕ್ಕೆ ಅಂದ ಯಾಕೋ? ಅದನ್ನೇ ತರ್ತೀನಿ.

ಒಲೆ ಮೇಲೆ ಕಿಮ್ಚಿ ಸಾರಿದೆ, ಬಿಸಿ ಮಾಡ್ಕೊಂಡು ತಿಂದು ಕೆಲಸಕ್ಕೆ ಹೋಗು. ಸಂಜೆ ಬೇಗ ಬಾ. ಸಾಕ್ಸ್ ಬಿಚ್ಚಿ ನನ್ನ ಪಕ್ಕ ಬರಿಗಾಲಲ್ಲಿ ನಿಂತ್ಕೋ. ಬಾಯಿ ಮುಚ್ಕೊಂಡು.

ಸೋಲ್ಹಿ