ಒನ್ಸ್ ಮೋರ್ ಕಾಕಾ

ಬೆಂಗೇರಿ, ಹುಬ್ಬಳ್ಳಿ
೧೨ ಫೆಬ್ರುವರಿ ೨೦೨೫, ಬುಧವಾರ

ಹಟಮಾರಿ ದೋಸ್ತ ಗುಲಾಬಸಾಬನಿಗೆ ಯಮನಪ್ಪನ ಸಲಾಮು.

ನಾನು ಚೆನ್ನಾಗಿದ್ದೇನೆ. ನೀನು ಹೇಗಿದ್ದೀಯೆಂದು ಕೇಳುವುದಿಲ್ಲ, ನನಗೆ ಗೊತ್ತಾಗಿದೆ. ಐದನೇ ಇಯತ್ತೆಗೆ ಸಾಲಿ ಬಿಟ್ಟವನು ಪತ್ರ ಬರೆಯಲು ಕೂತಿದ್ದಾನೆಂದರೆ ಏನೋ ಕಾರಣವಿದೆ ಎಂದು ತಿಳಿದುಕೋ. ಅಕ್ಷರ ಸೊಟ್ಟಗಿವೆ, ಇರಲಿ. ನಡುವೆ ಸಿಟ್ಟು ಬಂದರೆ ಎದ್ದು ಚಹಾ ಕುಡಿ, ಆದರೆ ಪೂರ್ತಿ ಓದು.

ಮೊದಲು ಕೆಲಸದ ಮಾತು. ಬರುವ ಶನಿವಾರ ಸಂಜೆ ನಮ್ಮ ‘ತಗಡು’ ಬ್ಯಾಂಡಿನವರು ಹುಬ್ಬಳ್ಳಿಯಲ್ಲೇ ಹಾಡುತ್ತಾರೆ. ಎರಡು ಟಿಕೀಟು ತೆಗೆಸಿದ್ದೇನೆ. ಒಂದು ನಿನ್ನದು. ನೀನು ಬರಬೇಕು.

ಟಿಕೀಟು ಅನ್ನುವುದಕ್ಕೆ ಅದು ಟಿಕೀಟೇ ಅಲ್ಲ. ಟಿಕೀಟು ಅಂದರೆ ಕೈಯಲ್ಲಿ ಹಿಡಿಯುವ ಕಾಗದ. ಗೇಟಿನವ ಹರಿದು ಅರ್ಧ ಕೊಡಬೇಕು, ಆ ಅರ್ಧ ಅಂಗಿಯ ಕಿಸೆಯಲ್ಲೇ ಉಳಿದು, ಅರಿವೆಯ ಜೊತೆ ಒಗೆದು ಮುದ್ದೆಯಾಗಿ, ಮನೆಯಾಕೆಯಿಂದ ಬೈಸಿಕೊಳ್ಳಬೇಕು. ಈಗ ಮೊಬೈಲಿನಲ್ಲಿ ಕಪ್ಪು ಚುಕ್ಕಿಗಳ ಒಂದು ರಂಗೋಲಿ ಬರುತ್ತದೆ, ಅದನ್ನೇ ತೋರಿಸಬೇಕಂತೆ. ಬಾಜೂ ಮನೆಯ ಪ್ರಾಚಿ ಕಾಲೇಜಿನಿಂದ ಬಂದ ಮೇಲೆ ತೆಗೆಸಿಕೊಟ್ಟಳು. ಇನ್ನೊಂದು ತಮಾಷೆ ಕೇಳು. ಕುರ್ಚಿ ಹಾಕಿದ ಜಾಗ ಅಗ್ಗ, ನಿಂತು ನೋಡುವ ಜಾಗ ತುಟ್ಟಿ. ನಾನು ನಿಲ್ಲುವ ಜಾಗವನ್ನೇ ಕೇಳಿದೆ, ಸ್ಟೇಜಿನ ಮುಂದೆ, ದೊಡ್ಡ ಸ್ಪೀಕರಿನ ಬುಡದಲ್ಲಿ. ಆ ಹುಡುಗಿ ಕಣ್ಣು ದೊಡ್ಡದು ಮಾಡಿ, “ಅಜ್ಜಾ, ಅಲ್ಲಿ ನಿಂತ್ರ ಮೈ ಎಲ್ಲಾ ನಡಗತೈತ್ರಿ, ಸುಮ್ನ ಕುರ್ಚಿ ತಗೋರಿ” ಅಂದಳು. “ನಡಗೂದಕ್ಕs ರೊಕ್ಕಾ ಕೊಡಾಕತ್ತೇನಿ, ನೀ ಗುಂಡಿ ಒತ್ತವಾ” ಅಂದೆ. ಆ ಜಾಗ ಯಾಕೆ ಬೇಕಿತ್ತು ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಈ ರಾಕ್ ಸಂಗೀತದ ಹುಚ್ಚು ನಮಗೆ ಹತ್ತಿದ್ದಾದರೂ ಹೇಗೆ? ನಾವೇನು ಹುಡುಕಿಕೊಂಡು ಹೋದವರಲ್ಲ, ಅದೇ ಗೋಡೆ ದಾಟಿ ಬಂತು. ತಾರಿಹಾಳದಲ್ಲಿ ನಮ್ಮ ತಗಡಿನ ಕಾರ್ಖಾನೆಯ ಹಿಂದಿನ ಶೆಡ್ಡಿಗೆ ಆ ಹುಡುಗರು ಪ್ರಾಕ್ಟೀಸಿಗೆಂದು ಬಂದರಲ್ಲ, ಊರೊಳಗೆ ಯಾವ ಓಣಿಯವರೂ ಅವರ ಸದ್ದು ತಡೆದುಕೊಳ್ಳದೆ ಓಡಿಸಿದ್ದರು. ಡ್ರಮ್ಮು ಬಾರಿಸುವ ಲೋಹಿತ ಮೊದಲ ದಿನ ನಮ್ಮ ಬಾಗಿಲಿಗೆ ಬಂದು ಕೈ ಮುಗಿದು, “ಕಾಕಾ, ನಮ್ಮ ಗದ್ದಲದಿಂದ ನಿಮಗ ತ್ರಾಸ ಆಗತೈತೇನ್ರಿ?” ಎಂದು ಕೇಳಿದ. ಹಿಂದೆ ಪ್ರೆಸ್ ಮಷೀನು ಧಡ್ ಧಡ್ ಎಂದು ತಗಡು ಕತ್ತರಿಸುತ್ತಿತ್ತು. ನೀನು ಆ ಸದ್ದಿನ ಮೇಲೆಯೇ ಕೂಗಿ ಹೇಳಿದ್ದೆ: “ಯಾವ ಗದ್ದಲೋ ತಮ್ಮಾ? ಇನ್ನೂ ಸುರು ಮಾಡೇ ಇಲ್ಲಲ್ಲ ನೀವು.” ಆ ಹುಡುಗ ನಕ್ಕದ್ದು ಈಗಲೂ ಕಣ್ಣ ಮುಂದೆ ಇದೆ. ಅವರು ಬ್ಯಾಂಡಿಗೆ ‘ತಗಡು’ ಎಂದು ಹೆಸರಿಟ್ಟದ್ದೂ ನಮ್ಮ ಶೆಡ್ಡು ನೋಡಿಯೇ.

ಅವರ ಮೊದಲ ಆಲ್ಬಮ್ ‘ಎರಡನೇ ಪಾಳಿ’. ಅದರ ಬಗ್ಗೆ ನಾವಿಬ್ಬರೂ ಎಂದೂ ಜಗಳವಾಡಿಲ್ಲ, ಆಡುವುದಕ್ಕೂ ಏನೂ ಇಲ್ಲ. ‘ಭೋಂಗಾ’ ಹಾಡಿನಲ್ಲಿ ಭಾಗ್ಯಾ ದನಿ ತೆಗೆದರೆ ಗಿರಣಿಯ ಭೋಂಗಾ ಊದಿದ ಹಾಗೆಯೇ. ಕೆಳಗಿನಿಂದ ಎದ್ದು ಮೇಲೆ ಹೋಗಿ ಅಲ್ಲೇ ನಿಲ್ಲುತ್ತದೆ, ಊಟದ ಡಬ್ಬಿ ಹಿಡಿದು ಓಡಬೇಕು ಅನ್ನಿಸುತ್ತದೆ. ಕಾರ್ಖಾನೆಯ ಒಳಗೆ ಒಂದು ದಿನವೂ ದುಡಿಯದ ಹುಡುಗಿಗೆ ಅದು ಹೇಗೆ ತಿಳಿಯಿತೋ. ಎರಡನೆಯದು ‘ರಾಯಾಪುರ ದಾಟಿ’. ಅದರಲ್ಲಿ ಎರಡು ಹಾಡು ಛಲೋ, ಉಳಿದದ್ದು ಮದುವೆಯ ಬ್ಯಾಂಡಿನವರಿಗೆ ಕೊಟ್ಟುಬಿಡಬೇಕು. ಯಾರೋ ಧಾರವಾಡದ ಶಾಣ್ಯಾ ಮನುಷ್ಯ ಪಿಟೀಲು ಸೇರಿಸಿ ಎಂದನಂತೆ, ಇವರು ಸೇರಿಸಿದರು. ಲೋಹಿತನಿಗೆ ಮುಖಕ್ಕೇ ಹೇಳಿದ್ದೇನೆ, “ಬಿರ್ಯಾನಿಗೆ ಬೆಲ್ಲಾ ಹಾಕಿದಂಗ ಆಗೇತಿ” ಅಂತ. ಅವನು ಸಿಟ್ಟಾಗಲಿಲ್ಲ. ಮೂರನೆಯದರಲ್ಲಿ ಪಿಟೀಲು ಇಲ್ಲ.

ಮೂರನೆಯದರ ಮಾತಿಗೆ ಬರುವ ಮೊದಲು ಧಾರವಾಡದ ಆ ಸಂಜೆಯನ್ನು ನೆನಪು ಮಾಡಿಕೋ. ಅವರ ಮೊದಲ ದೊಡ್ಡ ಕಾರ್ಯಕ್ರಮ. ಸುತ್ತೆಲ್ಲ ಕರಿ ಅಂಗಿಯ ಹುಡುಗರು, ನಡುವೆ ನಾವಿಬ್ಬರು ಧೋತರ ಉಟ್ಟುಕೊಂಡು. ನೀನು ಯಾವಾಗಲೂ ಕಣ್ಣು ಮುಚ್ಚಿ ಕೇಳುವವನು. ‘ಭೋಂಗಾ’ ಮುಗಿದದ್ದೇ ತಡ, ಕಣ್ಣು ತೆರೆದು ಕುರ್ಚಿ ಹತ್ತಿ ನಿಂತು, ಕಂಪನಿ ನಾಟಕದ ತಂಬುವಿನಲ್ಲಿ ಕೂಗುತ್ತಿದ್ದ ಹಾಗೆ ಕೂಗಿದೆ: “ಒನ್ಸ್ ಮೋರ್!” ಹುಡುಗರು ಬಿದ್ದು ಬಿದ್ದು ನಕ್ಕರು. ರಾಕ್ ಕಾರ್ಯಕ್ರಮದಲ್ಲಿ ಎಲ್ಲ ಮುಗಿದ ಮೇಲೆ ಇನ್ನೊಂದು ಹಾಡಿ ಎಂದು ಕೂಗುವುದಂತೆ, ಹಾಡಿದ ಹಾಡನ್ನೇ ಮತ್ತೊಮ್ಮೆ ಹಾಡಿ ಅನ್ನುವವರು ಯಾರೂ ಇಲ್ಲವಂತೆ. ನಾಟಕದಲ್ಲಿ ಜನ ಒನ್ಸ್ ಮೋರ್ ಅಂದರೆ ಸಾಯುವ ಪಾತ್ರವೂ ಎದ್ದು ಕೂತು ಹಾಡಲೇಬೇಕಿತ್ತು, ಆ ಹುಡುಗರಿಗೇನು ಗೊತ್ತು? ಆದರೆ ಭಾಗ್ಯಾ ಹುಬ್ಬಳ್ಳಿಯ ಮಗಳು. ಹಣೆಯ ಮೇಲೆ ಕೈ ಅಡ್ಡ ಹಿಡಿದು ನಿನ್ನನ್ನು ನೋಡಿ, “ಕಾಕಾ ಕೇಳ್ಯಾರ. ಇಲ್ಲ ಅನ್ನಾಕ ಬರಂಗಿಲ್ಲ” ಎಂದು ಮೈಕಿನಲ್ಲೇ ಹೇಳಿ ಮೊದಲಿನಿಂದ ಹಾಡಿದಳು. ಅಂದಿನಿಂದ ನಮ್ಮ ಅವಳಿ ಊರಿನಲ್ಲಿ ಎಲ್ಲೇ ಹಾಡಲಿ, ನೀನು ಕೂಗುವುದು, ಅವರು ‘ಭೋಂಗಾ’ ಎರಡು ಸಲ ಹಾಡುವುದು. ನಿನಗೆ ಒನ್ಸ್ ಮೋರ್ ಕಾಕಾ ಎಂದೇ ಹೆಸರಾಯಿತು. ನನಗೆ ಯಾವ ಹೆಸರೂ ಬರಲಿಲ್ಲ, ಒನ್ಸ್ ಮೋರ್ ಕಾಕಾನ ಜೊತೆಗಿರುವವರು ಅಂದರು. ನನಗೇನೂ ಹೊಟ್ಟೆಕಿಚ್ಚಿಲ್ಲ. ಸ್ವಲ್ಪ ಇದೆ.

ಇನ್ನು ಹೋದ ವರ್ಷದ ಚಳಿಗಾಲ. ರಾಯಾಪುರದ ಮೈದಾನ. ಹೊಸ ಹಾಡು ‘ಆರಿದ ಕುಲುಮೆ’ ಅಂದೇ ಮೊದಲ ಸಲ ಹಾಡಿದರು. ಅದರ ನಡುವೆ ಎಲ್ಲ ವಾದ್ಯ ಒಮ್ಮೆಲೇ ನಿಲ್ಲುತ್ತವೆ. ಲೋಹಿತ ಕೋಲು ಕೆಳಗಿಟ್ಟು ಡ್ರಮ್ಮಿನ ಪಕ್ಕದ ತಟ್ಟೆಯಂಥ ಹಿತ್ತಾಳೆ ಝಾಂಜನ್ನು ಬೆರಳಿನಿಂದ ಸವರುತ್ತಾನೆ, ಅಷ್ಟೆ. ಮೈದಾನವೆಲ್ಲ ಉಸಿರು ಹಿಡಿದು ನಿಂತಿತ್ತು. ನೀನು ಕಣ್ಣು ತೆರೆದು, “ಒನ್ಸ್ ಮೋರ್!” ಅಂದುಬಿಟ್ಟೆ.

ಜನ ನಕ್ಕರು. ಜನ ನಗಲಿ, ಅವರ ಕೆಲಸವೇ ಅದು. ನಾನು ಹೇಳಿದ್ದು ನಿನಗೆ ನೆನಪಿದೆ, ನನಗೂ ಇದೆ: “ಹಾಡ ಇನ್ನೂ ಮುಗದಿಲ್ಲೋ, ಕಿವ್ಯಾಗ ಅರಿವಿ ತುರಕ್ಕೊಂಡೀ ಏನ?” ನಮ್ಮಿಬ್ಬರ ನಡುವೆ ಇದಕ್ಕಿಂತ ಕೆಟ್ಟ ಬೈಗುಳ ದಿನಾಲೂ ನಡೆಯುತ್ತಿದ್ದವು, ನೀನು ತಿರುಗಿ ಇದರ ಅಪ್ಪನಂಥದ್ದನ್ನು ಬೈಯುತ್ತಿದ್ದೆ. ಅಂದು ನೀನು ಬೈಯಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತೆ. ನನಗೆ ಆಗಲೇ ತಿಳಿಯಬೇಕಿತ್ತು.

ಆಮೇಲೆ ಮೂರನೆಯ ಆಲ್ಬಮ್ ‘ಸಣ್ಣ ಸದ್ದು’ ಬಂತು. ಚಹಾದಂಗಡಿಯಲ್ಲಿ ನೀನು, “ಅರ್ಧಾ ಆಲ್ಬಮ್ ಖಾಲಿ ಐತಿ. ಝಾಂಜಿಲ್ಲ, ಏನಿಲ್ಲ. ಈ ಹುಡುಗರ ಕಥಿ ಮುಗೀತು” ಅಂದೆ. ನನಗೆ ಮೈಯೆಲ್ಲ ಉರಿಯಿತು. ಇರುವ ಝಾಂಜನ್ನು ಇಲ್ಲ ಅನ್ನುವವನು ಎಂಥ ಅಭಿಮಾನಿ ಎಂದು ನಾನೂ ಕೂಗಾಡಿದೆ. ನೀನು ಅರ್ಧ ಚಹಾ ಬಿಟ್ಟು ಎದ್ದು ಹೋದೆ. ಫೋನು ಮಾಡಿದರೆ ಎತ್ತಲಿಲ್ಲ. ಹಳೇ ಹುಬ್ಬಳ್ಳಿಯ ನಿನ್ನ ಮನೆಗೇ ಬಂದೆ. ಬೆಲ್ಲು ಒತ್ತಿದೆ, ಬಾಗಿಲು ಬಡಿದೆ. ಒಳಗೆ ಟಿವಿ ಊರಿಗೆಲ್ಲ ಕೇಳುವಷ್ಟು ಜೋರಾಗಿತ್ತು, ಕಿಟಕಿಯಿಂದ ನಿನ್ನ ಬೆನ್ನು ಕಂಡಿತು. ನೀನು ತಿರುಗಿ ನೋಡಲಿಲ್ಲ. ಬೇಕೆಂದೇ ಹೀಗೆ ಕೂತಿದ್ದಾನೆ ಅಂದುಕೊಂಡು, ನಿನ್ನ ಮನೆಯ ಬಾಗಿಲಿಗೆ ಒಂದು ಒದೆ ಕೊಟ್ಟು ಬಂದೆ. ಇನ್ನು ಇವನ ಮುಖ ನೋಡುವುದಿಲ್ಲ ಎಂದು ನಿರ್ಧಾರ ಮಾಡಿದೆ. ನೋಡಲೂ ಇಲ್ಲ.

ದಸರೆಯ ಮೇಲೆ ಅವರ ಕಾರ್ಯಕ್ರಮಕ್ಕೆ ಒಬ್ಬನೇ ಹೋದೆ. ‘ಭೋಂಗಾ’ ಮುಗಿಯಿತು. ಲೋಹಿತ ಕೋಲು ಮೇಲೆತ್ತಿ ಹಾಗೆಯೇ ಹಿಡಿದ. ಭಾಗ್ಯಾ ಹಣೆಗೆ ಕೈ ಅಡ್ಡ ಮಾಡಿ ಜನರೊಳಗೆ ಹುಡುಕಿದಳು. ಯಾರೂ ಕೂಗಲಿಲ್ಲ. ನಾನಾದರೂ ಕೂಗಬೇಕೆಂದು ಬಾಯಿ ತೆರೆದೆ, ಮತ್ತೆ ಮುಚ್ಚಿದೆ. ಅದು ನಿನ್ನ ಕೆಲಸ, ನನಗೆ ಬರುವುದಿಲ್ಲ. “ಕಾಕಾ ಇವತ್ತ ಬಂದಿಲ್ಲ ಕಾಣತೈತಿ” ಎಂದು ಆಕೆ ಮುಂದಿನ ಹಾಡಿಗೆ ಹೋದಳು. ಒಂದೇ ಸಲ ಹಾಡಿದ ‘ಭೋಂಗಾ’ ಅಂದರೆ ಒಂದೇ ಕಾಲಿನ ಚಪ್ಪಲಿ ಇದ್ದ ಹಾಗೆ.

ಹೋದ ತಿಂಗಳು ಬೆಂಗೇರಿಯ ಸಂತೆಯಲ್ಲಿ ಮೈಮುನಾ ವೈನಿ ಸಿಕ್ಕರು. ಬದನೆಕಾಯಿ ಆರಿಸುತ್ತ, “ಯಮನಪ್ಪಣ್ಣಾ, ನೀವ್ಯಾಕ ಮನಿಗೆ ಬರೂದ ಬಿಟ್ರಿ?” ಅಂದರು. ನಾನೂ ಸಿಟ್ಟಿನಲ್ಲೇ, “ಬಂದಿದ್ದೆ. ನಿಮ್ಮ ಯಜಮಾನ್ರು ಬಾಗಲಾ ತಗೀಲಿಲ್ಲ” ಅಂದೆ. ವೈನಿ ಕೈಯಲ್ಲಿದ್ದ ಬದನೆಕಾಯಿ ಕೆಳಗಿಟ್ಟು ಸುತ್ತ ನೋಡಿದರು. “ಅವರಿಗೆ ಬೆಲ್ ಕೇಳಂಗಿಲ್ರಿ. ಬಾಜೂ ನಿಂತು ಕುಕ್ಕರ್ ಸೀಟಿ ಹೊಡದ್ರೂ ಕೇಳಂಗಿಲ್ಲ. ನೀವೂ ಬರಲಿಲ್ಲಂತ ಒಳಗs ಕೊರಗಾಕತ್ತಾರ. ಯಾರಿಗೂ ಹೇಳಬ್ಯಾಡಾ ಅಂತ ನನ್ನ ಕಡೆ ಆಣೆ ಮಾಡಿಸ್ಯಾರ” ಅಂದರು. ಆಣೆ ಮುರಿದದ್ದಕ್ಕೆ ವೈನಿಯನ್ನು ಬೈದೀಯಾ, ಜೋಕೆ. ನಾನು ಮತ್ತೆ ಬಂದು ಒದೆಯುತ್ತೇನೆ, ಈ ಸಲ ಬಾಗಿಲಿಗಲ್ಲ.

ಅದಕ್ಕೇ ಫೋನು ಬಿಟ್ಟು ಪತ್ರ ಬರೆದೆ. ಪತ್ರಕ್ಕೆ ಕಿವಿ ಬೇಡ.

ಈಗ ‘ಸಣ್ಣ ಸದ್ದು’ ಆಲ್ಬಮ್ಮಿನ ಬಗ್ಗೆ ನನ್ನ ಮಾತು ಕೇಳು. ಹೋದ ವಾರ ಮತ್ತೆ ಹಾಕಿದ್ದೆ, ಹೊಸದಾಗಿ ಕೇಳಿದಂತಾಯಿತು. ಇತ್ತೀಚೆಗೆ ನನಗೆ ಸಣ್ಣಪುಟ್ಟ ಸದ್ದೆಲ್ಲ ಕಾಡುತ್ತಿವೆ. ಫ್ಯಾನು ಕಿರ್ ಅನ್ನುವುದು, ಪೇಪರು ಮಗುಚುವುದು, ನನ್ನದೇ ಚಪ್ಪಲಿ. ‘ಆರಿದ ಕುಲುಮೆ’ಯಲ್ಲಿ ಆ ಖಾಲಿ ಜಾಗ ಬರುತ್ತದಲ್ಲ, ಅದು ಖಾಲಿಯಲ್ಲ ಗುಲಾಬಸಾಬ. ಕುಲುಮೆ ಆರಿದ ಮೇಲೆ ಕಬ್ಬಿಣ ತಣ್ಣಗಾಗುತ್ತ ಸಣ್ಣಗೆ ಟಿಣ್ ಟಿಣ್ ಅನ್ನುತ್ತಿತ್ತಲ್ಲ, ಪಾಳಿ ಮುಗಿಸಿ ಎಲ್ಲರೂ ಹೋದ ಮೇಲೆ ನಾವಿಬ್ಬರೇ ಬೀಡಿ ಹಚ್ಚಿ ಕೂತಾಗ? ಲೋಹಿತ ಅದನ್ನೇ ಝಾಂಜಿನ ಮೇಲೆ ತಂದಿದ್ದಾನೆ. ಆಮೇಲೆ ಭಾಗ್ಯಾ ಒಂದೇ ಒಂದು ಸಾಲನ್ನು ಪಿಸುಮಾತಿನಲ್ಲಿ ಹಾಡುತ್ತಾಳೆ. ಇಷ್ಟು ದಿನ ಗದ್ದಲ ಮಾಡಿದವರು ಹೀಗೆ ಸುಮ್ಮನಿರಲು ಧೈರ್ಯ ಬೇಕು. ಅವರ ಮೂರು ಆಲ್ಬಮ್ಮಿನಲ್ಲಿ ಇದೇ ದೊಡ್ಡದು. ಮೊದಲನೆಯದಕ್ಕಿಂತಲೂ ದೊಡ್ಡದು. ಬೇಕಾದರೆ ಈ ಮಾತಿಗೆ ಎದುರು ಬಂದು ಜಗಳ ಮಾಡು, ಮನೆಯಲ್ಲಿ ಕೂತು ಮಾಡಬೇಡ.

ಸ್ಪೀಕರಿನ ಬುಡ ಯಾಕೆಂದು ಈಗ ತಿಳಿಯಿತೇ? ನೀನು ಕೆಟ್ಟ ಪ್ರೆಸ್ಸಿನ ಮೈ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, “ಬೇರಿಂಗ್ ಹೋಗೇತಿ” ಅನ್ನುತ್ತಿದ್ದವನು. ಅಲ್ಲಿ ಒಂದು ಕಬ್ಬಿಣದ ಕಟಕಟೆ ಇರುತ್ತದೆ. ಅದರ ಮೇಲೆ ಅದೇ ಅಂಗೈ ಇಡು. ‘ಭೋಂಗಾ’ ನಿನ್ನ ಮೊಣಕೈಯಿಂದ ಏರಿ ಪಕ್ಕೆಲುಬಿಗೆ ಬರುತ್ತದೆ. ಹಾಡು ಪೂರ್ತಿ ಮುಗಿದಾಗ ನಾನು ನಿನ್ನ ಪಕ್ಕೆಗೆ ತಿವಿಯುತ್ತೇನೆ, ಆಗ ಕೂಗು. ತಿವಿಯುವ ತನಕ ಬಾಯಿ ಮುಚ್ಚಿಕೊಂಡಿರು. ಒಮ್ಮೆ ತಪ್ಪಿ ಕೂಗಿದೆ ಎಂದು ಕೂಗುವುದನ್ನೇ ಬಿಟ್ಟರೆ, ಆ ಹುಡುಗಿ ಹಣೆಗೆ ಕೈ ಹಿಡಿದು ಯಾರನ್ನು ಹುಡುಕಬೇಕು?

ಈ ಪತ್ರವನ್ನು ನಿನ್ನ ಬಾಗಿಲ ಕೆಳಗಿನಿಂದ ನೂಕಿ ಹೋಗುತ್ತೇನೆ. ಶನಿವಾರ ಇಳಿಹೊತ್ತಿಗೆ ಬರುತ್ತೇನೆ. ಬೆಲ್ಲು ಒತ್ತುವುದಿಲ್ಲ, ಬಾಗಿಲು ಬಡಿಯುವುದೂ ಇಲ್ಲ. ಬರುವ ಮನಸ್ಸಿದ್ದರೆ ಬಾಗಿಲು ತೆರೆದಿಟ್ಟು ಕೂತಿರು. ಮುಚ್ಚಿದ್ದರೆ ತಿರುಗಿ ಹೋಗುತ್ತೇನೆ, ಆ ಎರಡೂ ರಂಗೋಲಿ ಪ್ರಾಚಿಯ ಮೊಬೈಲಿನಲ್ಲೇ ಕೊಳೆಯಲಿ.

ವೈನಿಗೆ ನಮಸ್ಕಾರ ತಿಳಿಸು, ಬದನೆಕಾಯಿ ಪಲ್ಯ ಮಾಡಿದರೆ ಡಬ್ಬಿಯಲ್ಲಿ ತೆಗೆದಿಡಲು ಹೇಳು.

ಇತಿ,
ಒನ್ಸ್ ಮೋರ್ ಕಾಕಾನ ಜೊತೆಗಿರುವ
ಯಮನಪ್ಪ

ತಾ.ಕ.: ಒಂದು ಮಾತು ಬರೆಯಬಾರದೆಂದಿದ್ದೆ. ವೈನಿ ಸಿಕ್ಕ ಮೇಲೆ ನಿನಗಾಗಿ ವಿಚಾರಿಸಲು ಕಿವಿ ಡಾಕ್ಟರರ ಕಡೆ ಹೋದೆ. ಅವರು ನನ್ನನ್ನೇ ಕೂಡಿಸಿ ಪರೀಕ್ಷೆ ಮಾಡಿದರು. ಈಗ ನನ್ನ ಬಲಗಿವಿಯಲ್ಲಿ ಕಡಲೆಯಷ್ಟು ಒಂದು ಮಷೀನು ಕೂತಿದೆ. ಆ ಝಾಂಜನ್ನು ನಾನು ಮೊದಲ ಸಲ ಕೇಳಿದ್ದು ಹೋದ ವಾರ. ರಾಯಾಪುರದಲ್ಲಿ ಅಂದು ನನಗೂ ಏನೂ ಕೇಳಿರಲಿಲ್ಲ. ಲೋಹಿತನ ಬೆರಳು ಆಡುವುದು ಕಂಡಿತ್ತು, ನೀನು ಕಣ್ಣು ಮುಚ್ಚಿದ್ದೆ, ಅಷ್ಟೇ ವ್ಯತ್ಯಾಸ. ಶನಿವಾರ ನನ್ನ ಬಲಕ್ಕೆ ನಿಲ್ಲು.