ಭಾವನ ಸೆಲ್ಲು, ಅಕ್ಕನ ವೀಣೆ

ಪ್ರೀತಿಯ ಭಾವನವರಿಗೆ,

ನೀವು ಹೋಗಿ ವರ್ಷ ತುಂಬಿತು. ಮಂಡಿ ಮೊಹಲ್ಲಾದ ನಿಮ್ಮ ರೇಡಿಯೋ ರಿಪೇರಿ ಅಂಗಡಿಯ ಬಾಗಿಲನ್ನು ಈಗ ನಾನೇ ತೆಗೆಯುತ್ತೇನೆ. ನಿಮ್ಮ ಸ್ಟೂಲು ಇನ್ನೂ ಕುಂಟುತ್ತಿದೆ. ಅಳುತ್ತಾ ಬರೆಯಲು ಕೂತಿಲ್ಲ. ಒಂದು ವಿಷಯ ಹೇಳಬೇಕಿದೆ, ಅದು ಅರ್ಥವಾಗುವುದು ನಿಮಗೊಬ್ಬರಿಗೇ.

ಆ ರಾಮೋತ್ಸವದ ಸಂಜೆ ನೆನಪಿದೆಯೇ? ಲಕ್ಷ್ಮೀಪುರಂನ ಚಪ್ಪರದಲ್ಲಿ ಅಕ್ಕ ವೀಣೆ ನುಡಿಸುತ್ತಿದ್ದಳು, ಬಾಡಿಗೆಯ ಕಾರ್ಬನ್ ಮೈಕಿನಿಂದ ಒಗ್ಗರಣೆ ಸಿಡಿದಂಥ ಸದ್ದು ಬರುತ್ತಿತ್ತು. ಹಿಂದಿನ ಸಾಲಿನವರು ಎದ್ದು ಹೋದರು. ಮನೆಗೆ ಬಂದ ಅಕ್ಕ ವೀಣೆಗೆ ಗವಸು ಹಾಕಿ, "ಇನ್ಮೇಲೆ ಸಭೇಲಿ ನುಡ್ಸಲ್ಲ ಕಣ್ರೀ" ಎಂದಳು. ನೀವು ಮಾರನೆಯ ದಿನವೇ ರಿಬ್ಬನ್ ಮೈಕು ಮಾಡಲು ಕೂತಿರಿ. ಅದರಲ್ಲಿ ನಾದಕ್ಕೆ ಅಲುಗುವುದು ತೆಳ್ಳನೆಯ ಲೋಹದ ಪಟ್ಟಿ, ಸಿಡಿತದ ಮಾತೇ ಇಲ್ಲ ಎಂದು ಎಲ್ಲೋ ಓದಿದ್ದಿರಿ.

ರೇಡಿಯೋಗಳಿಂದ ತೆಗೆದ ಸುಟ್ಟ ಕಂಡೆನ್ಸರ್ ಬಿಚ್ಚಿ, ಒಳಗಿನ ಅಲ್ಯೂಮಿನಿಯಂ ಹಾಳೆಯನ್ನು ಬ್ಲೇಡಿನಲ್ಲಿ ಸೀಳುತ್ತಿದ್ದಿರಿ. ಹಳೆಯ ಅಲಾರಂ ಗಡಿಯಾರದ ಎರಡು ಹಲ್ಲುಚಕ್ರಗಳ ನಡುವೆ ಹಾಯಿಸಿ ನಿರಿಗೆ ಮಾಡಿ, ಆಯಸ್ಕಾಂತಗಳ ಸಂದಿಯಲ್ಲಿ ಕೂರಿಸುತ್ತಿದ್ದಿರಿ. ಆಗ ಫ್ಯಾನ್ ಹಾಕುವ ಹಾಗಿಲ್ಲ, ನಾನು ಸೀನುವ ಹಾಗಿಲ್ಲ. ಕೊನೆಗೆ ಅಂಗಡಿಯ ಪದ್ಧತಿಯಂತೆ ಟಾರ್ಚಿನ ಸೆಲ್ಲು ತೆಗೆದು ತಂತಿಗಳಿಗೆ ತಾಗಿಸುತ್ತಿದ್ದಿರಿ. ಸ್ಪೀಕರಾಗಲಿ ಹೆಡ್‌ಫೋನಾಗಲಿ, ಟಕ್ ಎಂದರೆ ಜೀವ ಇದೆ ಎಂದು ನಮ್ಮ ಲೆಕ್ಕ. ರಿಬ್ಬನ್ನೂ ಟಕ್ ಎನ್ನುತ್ತಿತ್ತು. ಆಮೇಲೆ ಆಂಪ್ಲಿಫೈಯರಿಗೆ ಜೋಡಿಸಿದರೆ ಸದ್ದಿಲ್ಲ. ಬಿಚ್ಚಿ ನೋಡಿದರೆ ಪಟ್ಟಿ ಜೋತುಬಿದ್ದಿರುತ್ತಿತ್ತು. "ನನ್ ಕೈಯೇ ಸರಿಯಿಲ್ಲ ಕಣಯ್ಯ" ಎನ್ನುತ್ತಿದ್ದಿರಿ. ಆಸ್ಪತ್ರೆಯ ಮಂಚದ ಮೇಲೂ ಬೆರಳುಗಳನ್ನು ಎತ್ತಿ ನೋಡಿಕೊಂಡಿರಿ, ಏನೋ ಹೇಳಲು ಹೊರಟು...

ಹೋದ ತಿಂಗಳು ಮಧ್ಯಾಹ್ನ, ಕಿಟಕಿಯ ಬಿಸಿಲಿನಲ್ಲಿ ಕೂತು ನಾನೂ ಒಂದು ರಿಬ್ಬನ್ ಕೂರಿಸಿದೆ. ಭೂತಗನ್ನಡಿಯಲ್ಲಿ ನೋಡುತ್ತಲೇ ಸೆಲ್ಲು ತಾಗಿಸಿದೆ. ಟಕ್ ಎಂದ ಕ್ಷಣವೇ ಪಟ್ಟಿ ಸಂದಿಯಿಂದ ಹೊರಕ್ಕೆ ಹಾರಿ, ನಿರಿಗೆ ಬಿಚ್ಚಿಕೊಂಡು ಜೋತುಬಿತ್ತು. ಸೆಲ್ಲಿನ ಅಷ್ಟು ಕರೆಂಟನ್ನೂ ಅದು ತಾಳುವುದಿಲ್ಲ. ಬದುಕಿದೆಯೇ ಎಂದು ನೋಡಲು ಹೋಗಿಯೇ ಪ್ರತಿ ಸಲ ಕೊಲ್ಲುತ್ತಿದ್ದೆವು, ಭಾವ. ನಿಮ್ಮ ಕೈ ಸರಿಯಾಗಿಯೇ ಇತ್ತು. ಇದನ್ನು ಕೇಳಲು ನೀವಿಲ್ಲವಲ್ಲ ಎಂದು ಅವತ್ತು ತುಂಬ ದುಃಖವಾಯಿತು.

ಮತ್ತೆ ಹೊಸ ರಿಬ್ಬನ್ ಹಾಕಿದೆ. ಮೈಕಿನೊಳಗೇ, ತಂತಿ ಹೊರಬರುವ ಮೊದಲು, ಒಂದು ಕಂಡೆನ್ಸರ್ ಬೆಸುಗೆ ಹಾಕಿದೆ. ವೀಣೆಯ ನಾದ ಅದನ್ನು ದಾಟುತ್ತದೆ, ಸೆಲ್ಲಿನ ಕರೆಂಟು ದಾಟುವುದಿಲ್ಲ. ಇಷ್ಟೆಲ್ಲ ಯಾಕೆ, ಸೆಲ್ಲು ತಾಗಿಸದಿದ್ದರಾಯಿತಲ್ಲ ಎನ್ನುತ್ತೀರೇನೋ. ನಿಮ್ಮ ಮನೆಯಾಕೆಯನ್ನು ನಂಬುವುದು ಹೇಗೆ?

ಮೈಕನ್ನು ಅಕ್ಕನ ಮುಂದೆ ಇಟ್ಟೆ. ಅವಳು ಎದ್ದು ಒಳಗೆ ಹೋದಳು. ವೀಣೆ ತರುತ್ತಾಳೆ ಎಂದುಕೊಂಡೆ. ತಂದದ್ದು ಟಾರ್ಚಿನ ಸೆಲ್ಲು. "ಅವ್ರು ಮೊದ್ಲು ಇದನ್ನೇ ಮಾಡ್ತಿದ್ದಿದ್ದು ಕಣೋ" ಎಂದು ತಾಗಿಸಿಯೇಬಿಟ್ಟಳು. ಪಟ್ಟಿ ಇದ್ದಲ್ಲೇ ಇತ್ತು. ಆಮೇಲೆ ಹೋಗಿ ವೀಣೆಯ ಗವಸು ತೆಗೆದಳು. ಬೀದಿ ಬಾಗಿಲಲ್ಲಿ ಇಟ್ಟಿದ್ದ ಸ್ಪೀಕರಿನಲ್ಲಿ ಮಂದ್ರದ ತಂತಿ ಮೀಟಿದ್ದು ಕೇಳಿಸಿತು, ಸಿಡಿತವಿಲ್ಲದೆ.

ಈ ಸಲದ ರಾಮೋತ್ಸವದಲ್ಲಿ ಅಕ್ಕ ನುಡಿಸುತ್ತಾಳೆ. ಗಂಡ ಹೋದವಳು ವೇದಿಕೆ ಹತ್ತಿದರೆ ಜನ ಏನನ್ನುತ್ತಾರೋ ಎಂದು ಅಮ್ಮ ಗೊಣಗಿದ್ದೂ ಆಯಿತು. ವೇದಿಕೆಯ ಮೇಲೂ ಮೊದಲು ಸೆಲ್ಲು ತಾಗಿಸಿಯೇ ಕೂರುತ್ತಾಳಂತೆ. ತಾಗಿಸಲಿ. ನಾನು ಬೇಡ ಎನ್ನುವುದಿಲ್ಲ.

ನಿಮ್ಮ ಭಾವಮೈದುನ