ಲಂಗರು ಎತ್ತುವ ಯಂತ್ರದ ಕೆಳಗಿನ ಮರ

ಅಪ್ಪಾ,

ಲಂಗರು ಎತ್ತುವ ಯಂತ್ರವನ್ನು ಇವತ್ತು ನಿಮ್ಮ ಹಳೆಯ ಹಾಯಿದೋಣಿಗೆ ಕೂರಿಸಿದೆ. ಅಂಥದ್ದೊಂದು ಬೇಕೆಂದು ನಾನು ಕೇಳಿದ್ದಕ್ಕೇ ಅಲ್ಲವೇ ನೀವು, "ಕೈಲಾಗ್ದೋಳು ದೋಣಿ ಹತ್ತಬಾರ್ದು" ಅಂದದ್ದು? ಆ ಮಾತಿಗೆ ಹೊಳೆಬಾಯಿಯ ನಮ್ಮ ಡುಯೋಂಗ್ ದ್ವೀಪ ಬಿಟ್ಟವಳು, ನಿಮ್ಮನ್ನು ಮಣ್ಣು ಮಾಡಿದ ಮೇಲೆಯೇ ಬಂದೆ.

ಡೆಕ್ಕಿಗೆ ತೂತು ಕೊರೆಯುವ ಮುಂಚೆ ನಿಮ್ಮ ಜೊತೆಗಾರ ಬಡಗಿ ದೋಲಾ ಮಾವ ತಡೆದರು. "ಕೆಳಗಡೆ ದಪ್ಪ ಮರ ಕೊಡ್ಬೇಕು ಕಣೇ, ಇಲ್ದಿದ್ರೆ ಒಂದು ಜೋರು ಗಾಳಿಗೆ ಯಂತ್ರ ಹಲಗೆ ಸಮೇತ ಕಿತ್ಕೊಂಡು ಹೋಗುತ್ತೆ. ಒಳಗೆ ಏನಿದೆಯೋ ಹೋಗಿ ನೋಡು. ನಕ್ಷೆ ಬರ್ದಿಟ್ಟು ದೋಣಿ ಕಟ್ಟೋ ಜನವಾ ನಾವು?"

ಸರಪಳಿ ತುಂಬುವ ಗೂಡಿನೊಳಗೆ ತೆವಳಿ ಟಾರ್ಚ್ ಬಿಟ್ಟೆ. ಯಂತ್ರ ಕೂರುವ ಜಾಗಕ್ಕೆ ಸರಿಯಾಗಿ, ನಾಲ್ಕು ಬೆರಳು ದಪ್ಪದ, ಕಬ್ಬಿಣದಂಥ ಚೆಂಗಾಲ್ ಮರವಿತ್ತು. ಒಂದು ಮೊಳೆಯಿಲ್ಲ, ಎಲ್ಲ ಮರದ ಬೆಣೆ. ಕೂದಲು ತೂರುವಷ್ಟೂ ಸಂದಿಲ್ಲ.

ಮಾವ ಬಗ್ಗಿ ನೋಡಿದರು. "ಇದು ಮೊದ್ಲು ಇರ್ಲಿಲ್ಲ. ನೀನು ಹೋದ್ಮೇಲೆ ನಿಮ್ಮಪ್ಪ ಹಾಕಿದಾನೆ. ನಂಗೂ ಹೇಳ್ಲಿಲ್ಲ ನೋಡು, ಕಳ್ಳ."

ಸಂಜೆ ಗುಂಡಿ ಒತ್ತಿದೆ. ಲಂಗರು ಹೊಳೆಯ ಕೆಸರಿನಿಂದ ತಾನಾಗಿ ಎದ್ದು ಮೇಲೇರತೊಡಗಿತು. ನಿಮ್ಮ ಮರ ಮಿಸುಕಲಿಲ್ಲ.

ಇನ್ನು ಎರಡು ಮಾರು ಸರಪಳಿ ಇದೆ ಎನ್ನುವಾಗ ಯಂತ್ರ ನಿಲ್ಲಿಸಿ, ಉಳಿದದ್ದನ್ನು ಕೈಯಲ್ಲೇ ಎಳೆದೆ.